ಕೆಟ್ಟ ಸುದ್ದಿ ಬೇಗ ಬರಲಿ

ಪ್ರೀತಿಯ ಪುಟ್ಟಿ,

ಚೆನ್ನೈಯಿಂದ ನೀನು ಹಾಕಿದ ಕಾಗದ ತಲುಪಿತು. ಫೋನಿನಲ್ಲಿ ಹೇಳಿ ಮುಗಿಸದೆ ಇಷ್ಟುದ್ದ ಕೂತು ಬರೆದಿದ್ದೀಯಲ್ಲ, ಓದುತ್ತ ಓದುತ್ತ ನಿನ್ನ ದನಿಯೇ ಕೇಳಿಸಿದಂತಾಯಿತು. ಮಗಳು ಬಿಸಿಲಲ್ಲಿ ಊರೂರು ಅಲೆಯುತ್ತಾಳೆ ಎಂಬ ಸಂಕಟ ನಿಮ್ಮಮ್ಮನಿಗೆ. ನನಗೆ ಹೆಮ್ಮೆ. ಎಂಬಿಬಿಎಸ್ ಆಯಿತು, ಪಿಎಚ್‌ಸಿಯಲ್ಲಿ ಡಾಕ್ಟರಾದಳು, ಇನ್ನೇನು ಪಿಜಿ ಸೀಟು ಹಿಡಿದು ದೊಡ್ಡ ಆಸ್ಪತ್ರೆ ಸೇರುತ್ತಾಳೆ ಎಂದು ಮನೆಮಂದಿಯೆಲ್ಲ ಎಣಿಸಿದ್ದಾಗ ನೀನು ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆಯ ಎರಡು ವರ್ಷದ ತರಬೇತಿಗೆ ಹೊರಟೆ. ರೋಗಿಯ ನಾಡಿಯನ್ನೇ ಹಿಡಿಯದ ಅದೆಂಥ ಡಾಕ್ಟರಿಕೆ ಎಂದು ನೆಂಟರು ಕೇಳಿದರು. ಅವರಿಗೆ ಉತ್ತರ ಕೊಡುವ ಗೊಡವೆಗೆ ನೀನು ಹೋಗಲಿಲ್ಲ, ಒಳ್ಳೆಯದೇ ಆಯಿತು. ಒಂದೂರಿನ ನೀರು ಸರಿಹೋದರೆ ಯಾರಿಗೆ ಕಾಯಿಲೆ ಬರುವುದು ತಪ್ಪಿತೋ ಅವರಿಗೆ ಅದು ಗೊತ್ತೇ ಆಗುವುದಿಲ್ಲ. ಈ ಕೆಲಸ ಆರಿಸಿಕೊಂಡವರು ಅಷ್ಟನ್ನು ಒಪ್ಪಿಕೊಂಡೇ ಬರಬೇಕು.

ಸ್ವಲ್ಪ ದಿನ ತರಗತಿ, ಉಳಿದದ್ದೆಲ್ಲ ಜಿಲ್ಲೆಯಲ್ಲಿ ದುಡಿಯುತ್ತಲೇ ಕಲಿಯುವುದು ಎಂಬ ನಿಮ್ಮ ಪದ್ಧತಿ ನನಗೆ ಬಹಳ ಹಿಡಿಸಿತು. 1951ರಲ್ಲಿ ಅಮೆರಿಕದಲ್ಲಿ ಅಲೆಕ್ಸಾಂಡರ್ ಲ್ಯಾಂಗ್‌ಮ್ಯೂರ್ ಎಂಬವರು ಇಂಥ ತರಬೇತಿ ಶುರು ಮಾಡಿದ್ದು, ಅದರ ಲಾಂಛನದಲ್ಲಿ ಸವೆದು ತೂತುಬಿದ್ದ ಬೂಟಿನ ಅಟ್ಟೆ ಇರುವುದು, ನಿಮ್ಮ ಸಂಸ್ಥೆಯಲ್ಲಿ 2001ರಿಂದ ಇದು ನಡೆಯುತ್ತಿರುವುದು, ದೆಹಲಿಯಲ್ಲಿ 2012ರಿಂದ ಇಂಥದ್ದೇ ಇನ್ನೊಂದು ಇರುವುದು, ಇದೆಲ್ಲ ನೀನು ಬರೆದ ಮೇಲೆಯೇ ನನಗೆ ತಿಳಿದದ್ದು. ಆ ತೂತುಬಿದ್ದ ಅಟ್ಟೆಯ ಮಾತು ಓದಿದಾಗ ನನ್ನ ಜೊತೆ ಕೆಲಸ ಮಾಡಿದ ಸಿಸ್ಟರುಗಳೆಲ್ಲ ಕಣ್ಣಮುಂದೆ ಬಂದರು. ಮಳೆಗಾಲದಲ್ಲಿ ಕಾಲುಸಂಕ ದಾಟಿ, ಲಸಿಕೆಯ ಕ್ಯಾರಿಯರನ್ನು ಹೆಗಲಿಗೆ ಹಾಕಿಕೊಂಡು ಮನೆ ಹುಡುಕಿಕೊಂಡು ಹೋಗುತ್ತಿದ್ದ ಹೆಣ್ಣುಮಕ್ಕಳು ಅವರು.

ಕಾಗದದ ಕೊನೆಯಲ್ಲಿ ನೀನೊಂದು ಪ್ರಶ್ನೆ ಕೇಳಿದ್ದೀಯ. ನಾಯಕತ್ವದ ಬಗ್ಗೆ ನಿಮಗೆ ಪಾಠಗಳಾದವು, ಗುಂಪು ಮಾಡಿ ಚರ್ಚೆ ಮಾಡಿಸಿದರು, ಚಾರ್ಟಿನ ಮೇಲೆ ಗುಣಗಳನ್ನು ಬರೆಸಿದರು. 'ದೊಡ್ಡಮ್ಮ, ನೀನು ಇಲಾಖೆಯನ್ನು ಕೆಳಗಿನಿಂದ ನೋಡಿದವಳು. ನಿನ್ನ ಕಣ್ಣಿಗೆ ಯಾವ ಅಧಿಕಾರಿ ನಿಜಕ್ಕೂ ಮುಂದಾಳು ಅನ್ನಿಸಿದರು, ಯಾಕೆ?' ಎಂದು ಕೇಳಿದ್ದೀಯ. ಸಬ್‌ಸೆಂಟರಿನ ಎಎನ್‌ಎಂ ಆಗಿ ಸೇರಿ ಹಿರಿಯ ಆರೋಗ್ಯ ಸಹಾಯಕಿಯಾಗಿ ನಿವೃತ್ತಳಾದ ನನ್ನನ್ನು ಇದುವರೆಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

ಯೋಚಿಸಿದೆ. ಸೊಗಸಾಗಿ ಭಾಷಣ ಮಾಡುತ್ತಿದ್ದವರು ನೆನಪಾದರು. ಫೈಲು ಚೊಕ್ಕವಾಗಿ ಇಡುತ್ತಿದ್ದವರು, ಬೈದರೂ ಮನಸ್ಸು ಮೆತ್ತಗಿದ್ದವರು, ಹೊತ್ತಿಗೆ ಸರಿಯಾಗಿ ಬಂದು ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದವರು, ಎಲ್ಲರೂ ಬಂದುಹೋದರು. ಒಬ್ಬೊಬ್ಬರ ಸ್ವಭಾವ ಒಂದೊಂದು. ಆದರೆ ನಾನು ಮನಸಾರೆ ನಾಯಕರೆಂದು ಕರೆಯಬಲ್ಲವರಲ್ಲಿ ಒಂದು ಗುಣ ಮಾತ್ರ ಎಲ್ಲರಿಗೂ ಇತ್ತು. ಅವರಿಗೆ ಕೆಟ್ಟ ಸುದ್ದಿ ಬೇಗ ತಲುಪುತ್ತಿತ್ತು. ಯಾಕೆಂದರೆ ಅವರಿಗೆ ಕೆಟ್ಟ ಸುದ್ದಿ ಹೇಳಲು ನಾವು ಹೆದರುತ್ತಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಿಂಗಳ ಪ್ರಗತಿ ಪರಿಶೀಲನಾ ಸಭೆ ನಿನಗೆ ಗೊತ್ತೇ ಇದೆ. ಒಬ್ಬ ಅಧಿಕಾರಿಯ ಕಾಲದಲ್ಲಿ, ಹೆಸರು ಬೇಡ, ಯಾರ ವ್ಯಾಪ್ತಿಯಲ್ಲಿ ದಡಾರ ಕಾಣಿಸಿತೋ ಅವಳನ್ನು ಎಲ್ಲರ ಮುಂದೆ ನಿಲ್ಲಿಸುತ್ತಿದ್ದರು. ಲಸಿಕೆ ಹಾಕಿಲ್ಲವೇ, ಮನೆ ಭೇಟಿ ಮಾಡಿಲ್ಲವೇ, ನೋಟಿಸು ಕೊಡಲೇ ಎಂದು ದಬಾಯಿಸುತ್ತಿದ್ದರು. ಮುಂದಿನ ತಿಂಗಳಿಂದ ದಡಾರ ರಿಜಿಸ್ಟರಿನಲ್ಲಿ 'ಜ್ವರ, ಗಂಧೆ' ಆಯಿತು. ಆಮೇಲೆ ಬರಿಯ 'ಜ್ವರ' ಆಯಿತು. ಕಾಯಿಲೆ ಎಲ್ಲೂ ಹೋಗಿರಲಿಲ್ಲ, ಬರೆಯುವ ಕೈ ಹಿಂದೆ ಸರಿದಿತ್ತು. ಜಿಲ್ಲೆಗೆ ಹೋಗುವ ವರದಿ ಮಾತ್ರ ಬಹಳ ಚೆನ್ನಾಗಿತ್ತು.

ಅವರ ನಂತರ ಬಂದವರು ಬೇರೆ ತರಹ. ವಾಂತಿಭೇದಿ ಶುರುವಾಗಿದೆ ಎಂದು ರಾತ್ರಿ ಹೊತ್ತು ಫೋನು ಮಾಡಿದರೆ ಅವರ ಬಾಯಿಂದ ಮೊದಲು ಬರುತ್ತಿದ್ದದ್ದು 'ಹೇಳಿದ್ದು ಒಳ್ಳೆಯದಾಯಿತು ಸಿಸ್ಟರ್, ಈಗ ನಿಮಗೇನು ಬೇಕು?' ಎಂಬ ಮಾತು. ಬೆಳಗ್ಗೆ ಜೀಪಿನಲ್ಲಿ ಓಆರ್‌ಎಸ್ ಪೊಟ್ಟಣ, ಸಲೈನ್ ಬಾಟಲಿ, ಬ್ಲೀಚಿಂಗ್ ಪೌಡರ್ ಮೊದಲು ಇಳಿಯುತ್ತಿದ್ದವು. ರಿಜಿಸ್ಟರು ಕೇಳುವುದು ಆಮೇಲೆ. ಆ ಬ್ಲೀಚಿಂಗ್ ಪೌಡರಿನ ಚೀಲವನ್ನೂ ಅವರು ಕೈಹಾಕಿ ಮೂಸಿ ನೋಡುತ್ತಿದ್ದರು. ಹೊಸತಾದರೆ ಅದರಲ್ಲಿ ಕ್ಲೋರಿನ್ ನೂರಕ್ಕೆ 33ರಷ್ಟಿರುತ್ತದೆ. ಬಾಯಿ ಬಿಚ್ಚಿಟ್ಟ ಚೀಲ ನಮ್ಮ ಮಲೆನಾಡಿನ ಥಂಡಿಗೆ ಕೆಲವೇ ವಾರಗಳಲ್ಲಿ ಸತ್ವ ಕಳೆದುಕೊಂಡು ಸುಣ್ಣದ ಪುಡಿಯಾಗುತ್ತದೆ. ಕ್ಲೋರಿನೇಷನ್ ಮಾಡಿದ್ದೇವೆ ಎಂದು ಎಲ್ಲರೂ ನಿಜವನ್ನೇ ಬರೆದಿರುತ್ತಾರೆ, ನೀರಿನಲ್ಲಿ ಮಾತ್ರ ಕ್ಲೋರಿನ್ ಇರುವುದಿಲ್ಲ. ಅವರಿದ್ದ ಕಾಲದಲ್ಲಿ ನಮ್ಮ ತಾಲ್ಲೂಕಿನ ಅಂಕಿಗಳು ಪಕ್ಕದ ತಾಲ್ಲೂಕಿಗಿಂತ ಕೆಟ್ಟದಾಗಿ ಕಾಣುತ್ತಿದ್ದವು. ಅದರ ಬೈಗುಳವನ್ನು ಮೇಲಿನವರಿಂದ ಅವರೇ ತಿಂದರು, ನಮ್ಮವರೆಗೆ ಇಳಿಯಲು ಬಿಡಲಿಲ್ಲ.

ಈಗ ಕಾಗದದಲ್ಲಿ ನೀನು ವಿವರಿಸಿದ ವಾಂತಿಭೇದಿ ತನಿಖೆಗೆ ಬರುತ್ತೇನೆ. ಆ ಪುಟಗಳನ್ನು ಮತ್ತೆ ಮತ್ತೆ ಓದಿದೆ. ಕಾಯಿಲೆಯಾದವರ ಹೆಸರು, ವಯಸ್ಸು, ಕೇರಿ, ಮೊದಲ ಬಾರಿ ಭೇದಿಯಾದ ಹೊತ್ತು, ಕುಡಿದ ನೀರು ಎಲ್ಲಿಯದು, ಎಲ್ಲವನ್ನೂ ಸಾಲಾಗಿ ಬರೆದೆ. ಮನೆಮನೆಗೂ ಚುಕ್ಕೆ ಇಟ್ಟು ಊರಿನ ನಕ್ಷೆ ಮಾಡಿದೆ. ಚುಕ್ಕೆಗಳೆಲ್ಲ ಕೆಳಗಿನ ಕೇರಿಯಲ್ಲಿ ಗುಂಪುಗೂಡಿದವು. ಆಮೇಲೆ ನೀರಿನ ಪರೀಕ್ಷೆ. ಓವರ್‌ಹೆಡ್ ಟ್ಯಾಂಕಿನ ನೀರಿಗೆ ಹನಿ ಹಾಕಿದರೆ ಕೊಳವೆಯಲ್ಲಿ ಹಳದಿ ಬಣ್ಣ ಬಂತು, ಅಂದರೆ ಕ್ಲೋರಿನ್ ಇದೆ. ಕೆಳಗಿನ ಕೇರಿಯ ಕೊನೆಯ ನಲ್ಲಿಯ ನೀರಿಗೆ ಅದೇ ಹನಿ ಹಾಕಿದರೆ ನೀರು ನೀರಾಗಿಯೇ ಉಳಿಯಿತು. ಟ್ಯಾಂಕಿನಿಂದ ನಲ್ಲಿಗೆ ಬರುವ ದಾರಿಯಲ್ಲಿ ಏನೋ ಆಗುತ್ತಿದೆ ಎಂದು ನಿನಗೆ ಅನ್ನಿಸಿದ್ದು ಆಗ. ಮೋರಿಯ ಕೆಳಗೆ ಹಾದುಹೋಗುವ ಪೈಪು ಒಡೆದಿತ್ತು. ಅದಕ್ಕೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿ ಬಿಗಿದಿತ್ತು. ಮೋಟಾರು ನಿಂತು ಪೈಪಿನಲ್ಲಿ ಒತ್ತಡ ಇಳಿದಾಗಲೆಲ್ಲ ಚರಂಡಿಯ ನೀರು ಒಳಗೆ ಸೇರುತ್ತಿತ್ತು. ಮರುದಿನ ಬೆಳಗ್ಗೆ ನೀರು ಬಿಟ್ಟಾಗ ಅದು ಮೊದಲ ಬಿಂದಿಗೆಗಳಲ್ಲಿ ಬರುತ್ತಿತ್ತು.

ಆ ರಬ್ಬರು ಸುತ್ತಿದವನು ನೀರಗಂಟಿ. ಪೈಪು ಒಡೆದಿದೆ ಎಂದು ಅವನು ಪಂಚಾಯ್ತಿಗೆ ಮೊದಲೇ ಹೇಳಿದ್ದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಕೈಲಾದಷ್ಟು ಅವನೇ ಕಟ್ಟಿದ್ದ. ನೀವು ಜೀಪಿನಲ್ಲಿ ಬಂದಿಳಿದ ದಿನ ಅವನು ದೂರದಲ್ಲಿ ನಿಂತು ಸುಮ್ಮನೆ ನೋಡುತ್ತಿದ್ದನಂತೆ. ನೀನು ಆಶಾ ಕಾರ್ಯಕರ್ತೆಯ ಮನೆ ಜಗಲಿಯಲ್ಲಿ ಕೂತು ಚಾ ಕುಡಿಯುವಾಗ ಮೆಲ್ಲಗೆ ಹತ್ತಿರ ಬಂದು ಬಾಯಿಬಿಟ್ಟನಂತೆ. ಪುಟ್ಟಿ, ನಿನ್ನ ತರಬೇತಿಯಲ್ಲಿ ನೀನು ಕಲಿತದ್ದೆಲ್ಲದರಲ್ಲಿ ಆ ಜಗಲಿಯ ಮೇಲೆ ಕೂತದ್ದು ದೊಡ್ಡದು ಎಂದು ನನಗನ್ನಿಸುತ್ತದೆ. ಅವನು ಮಾತಾಡುವಷ್ಟು ಹೊತ್ತು ನೀನು ಅಲ್ಲಿದ್ದೆ.

'ನೀರಗಂಟಿಗೆ ಮೊದಲೇ ಗೊತ್ತಿದ್ದದ್ದನ್ನು ಸಾಬೀತು ಮಾಡಲು ನಾನು ಇಷ್ಟೆಲ್ಲ ಲೆಕ್ಕ ಹಾಕಬೇಕಾಯಿತೇ' ಎಂದು ಬೇಸರದಿಂದ ಬರೆದಿದ್ದೀಯ. ಹಾಕಲೇಬೇಕಿತ್ತು ಮಗಳೇ. ಅವನು ಹೇಳಿದಾಗ ಅದು ಒಂದು ದೂರು, ಪಂಚಾಯ್ತಿಗೆ ಅಂಥವು ದಿನಾ ಬರುತ್ತವೆ. ಕಾಯಿಲೆಯಾದವರನ್ನೂ ಆಗದವರನ್ನೂ ಹೋಲಿಸಿ, ಈ ಪೈಪಿನ ನೀರು ಕುಡಿದವರಿಗೇ ಕಾಯಿಲೆ ಹೆಚ್ಚು ಎಂದು ನೀನು ನಕ್ಷೆ ಸಮೇತ ಮುಂದಿಟ್ಟಾಗ ಯಾರೂ ತಳ್ಳಿಹಾಕಲಾರದೆ ಹೋದರು. ಅಂಕಿಅಂಶ ಕಲಿಯುವುದು ಅದಕ್ಕೇ. ದನಿ ಇಲ್ಲದವನ ಮಾತಿಗೆ ನಿನ್ನ ಲೆಕ್ಕ ಸಾಕ್ಷಿ ನಿಂತಿತು.

ಆದರೆ ನೀನು ಬರೆದ ಇನ್ನೊಂದು ಮಾತು ನನ್ನ ನಿದ್ದೆ ಕೆಡಿಸಿದೆ. ವರದಿಯಲ್ಲಿ 'ನೀರಗಂಟಿಯ ನಿರ್ಲಕ್ಷ್ಯ' ಎಂದು ಒಂದು ಸಾಲು ಸೇರಿಸು, ವಿಷಯ ಅಲ್ಲಿಗೆ ಮುಗಿಯುತ್ತದೆ ಎಂದು ಮೇಲಿನವರು ಯಾರೋ ಸೂಚಿಸಿದ್ದಾರೆ. ನೀನಿನ್ನೂ ಏನೂ ತೀರ್ಮಾನಿಸಿಲ್ಲ. ದಯವಿಟ್ಟು ಸೇರಿಸಬೇಡ. ಅದು ಸುಳ್ಳು ಎಂಬುದು ಒಂದು. ಅದಕ್ಕಿಂತ ಹೆಚ್ಚಾಗಿ, ಅವನನ್ನು ಕೆಲಸದಿಂದ ತೆಗೆದರೆ ಸುತ್ತಲಿನ ಊರುಗಳ ನೀರಗಂಟಿಗಳೆಲ್ಲ ಅಂದೇ ಪಾಠ ಕಲಿಯುತ್ತಾರೆ. ಮುಂದಿನ ಸಲ ಪೈಪು ಒಡೆದರೆ ಮೇಲೆ ಮಣ್ಣು ಎಳೆದು ಮುಚ್ಚುತ್ತಾರೆ, ಡಾಕ್ಟರಮ್ಮನ ಹತ್ತಿರ ಯಾರೂ ಬರುವುದಿಲ್ಲ. ಒಡೆದ ಪೈಪಿನ ದುರಸ್ತಿಗೆ ಹಣ ಯಾಕೆ ಬಿಡುಗಡೆಯಾಗಲಿಲ್ಲ, ಅವನ ದೂರನ್ನು ಯಾರು ಬರೆದುಕೊಳ್ಳಬೇಕಿತ್ತು, ನಲ್ಲಿಯ ತುದಿಯಲ್ಲಿ ಕ್ಲೋರಿನ್ ಪರೀಕ್ಷೆ ಮಾಡುವ ಜವಾಬ್ದಾರಿ ಯಾರದು, ಇವುಗಳನ್ನು ಬರೆ. ಅವನು ಹೇಳಿದ ಮೇಲೆಯೇ ಒಡೆದ ಜಾಗ ಸಿಕ್ಕಿತು ಎಂದೂ ಬರೆ. ಸಹಿ ನಿನ್ನದು. ನಾಯಕತ್ವದ ಚಾರ್ಟಿನ ಮೇಲೆ ನೀವು ಬರೆದ ಗುಣಗಳೆಲ್ಲ ಆ ಸಹಿ ಹಾಕುವಾಗ ಪರೀಕ್ಷೆಗೆ ಬರುತ್ತವೆ.

ಇದು ನಿನ್ನ ಒಂದೂರಿನ ಕಥೆ ಮಾತ್ರ ಎಂದುಕೊಳ್ಳಬೇಡ. ನಮ್ಮ ಶಿವಮೊಗ್ಗ ಸೀಮೆಯ ಮಂಗನ ಕಾಯಿಲೆಯನ್ನೇ ನೋಡು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಹಿಂದೆಯೇ ಜನರಿಗೂ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೋ ಎಂಬ ಭಯವಿತ್ತು. ಕೊನೆಗೆ ಸಿಕ್ಕಿದ್ದು ಉಣ್ಣೆಯಿಂದ ಹರಡುವ, ಅದುವರೆಗೆ ಯಾರೂ ಕಾಣದ ವೈರಸ್. ಮಂಗಕ್ಕೂ ಜ್ವರಕ್ಕೂ ನಂಟಿದೆ ಎಂಬುದು ಕಾಡಂಚಿನ ಜನಕ್ಕೆ ಕಾಣಿಸಿತ್ತು, ಕಾಯಿಲೆಯ ಹೆಸರಿನಲ್ಲೇ ಅದು ಉಳಿದಿದೆ. ಇಂದಿಗೂ ಈ ಕಾಯಿಲೆಯ ಕಾವಲು ನಿಂತಿರುವುದು ಒಂದು ಸುದ್ದಿಯ ಮೇಲೆ. ಎಲ್ಲಿ ಮಂಗ ಸತ್ತಿದೆ ಎಂಬುದು ಸೌದೆಗೆ, ದರಗಿಗೆ, ದನ ಮೇಯಿಸಲು ಹೋದವರ ಬಾಯಿಂದ ಬರಬೇಕು. ಮಂಗ ಸತ್ತು ಮೈ ತಣ್ಣಗಾಗುತ್ತಿದ್ದಂತೆ ಅದರ ಮೇಲಿದ್ದ ಉಣ್ಣೆಗಳು ಕೆಳಗಿಳಿದು ಸುತ್ತಲಿನ ತರಗೆಲೆಯಲ್ಲಿ ಹರಡುತ್ತವೆ. ಸುದ್ದಿ ಬೇಗ ಬಂದರೆ ಆ ಜಾಗಕ್ಕೆ ಪುಡಿ ಎರಚಬಹುದು, ಜನ ಅತ್ತ ಹೋಗದಂತೆ ತಡೆಯಬಹುದು, ಮೈಗೆ ಹಚ್ಚುವ ಎಣ್ಣೆ ಹಂಚಬಹುದು. ತಡವಾದರೆ ಆಸ್ಪತ್ರೆಯ ಮಂಚ ತುಂಬುತ್ತದೆ. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಈ ಕಾಯಿಲೆ ಕಾಣಿಸಿಕೊಂಡಾಗ ಸತ್ತ ಮಂಗಗಳನ್ನು ಸುಟ್ಟು ವಿಲೇವಾರಿ ಮಾಡಿದ ಕೆಲಸಗಾರರಿಗೇ ಅದು ಬಂದದ್ದು ನಿನಗೆ ತರಗತಿಯಲ್ಲಿ ಹೇಳಿರಬಹುದು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಎಷ್ಟು ಮನೆಗಳಲ್ಲಿ ದೀಪ ಆರಿತು ಎಂಬುದು ಈ ಭಾಗದವರಿಗೆ ಯಾರೂ ಹೇಳಬೇಕಾಗಿಲ್ಲ.

ಮಂಗನ ಕಾಯಿಲೆಯ ಲಸಿಕೆಯ ವಿಷಯದಲ್ಲೂ ಒಂದು ಕೆಟ್ಟ ಸುದ್ದಿ ಇತ್ತು. ಆ ಸೂಜಿಯ ನೋವಿಗೆ ಹೆದರಿ ಎರಡನೆಯ ಡೋಸಿಗೆ ಜನ ತಪ್ಪಿಸಿಕೊಳ್ಳುತ್ತಿದ್ದರು. ಹಾಕಿಸಿಕೊಂಡವರಿಗೂ ಕಾಯಿಲೆ ಬರುತ್ತಿದೆ ಎಂದು ಕೆಳಗಿನ ಸಿಬ್ಬಂದಿ ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಿದ್ದರು. ನಮ್ಮ ಆರೋಗ್ಯ ಇಲಾಖೆಯವರೂ ನಿಮ್ಮ ಚೆನ್ನೈ ಸಂಸ್ಥೆಯವರೂ ಕೂಡಿ ಲೆಕ್ಕ ಹಾಕಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ಬಚ್ಚಿಡದೆ ಹೇಳಿತು: ಒಂದೇ ಡೋಸಿನಿಂದ ಪ್ರಯೋಜನವಿಲ್ಲ, ಎರಡು ಡೋಸಿನ ರಕ್ಷಣೆ ಶೇ. 62, ಬೂಸ್ಟರ್ ಸೇರಿದರೆ ಶೇ. 83. ಮುಂದೆ 2022ರಲ್ಲಿ ಗುಣಮಟ್ಟ ಸಾಲದೆಂದು ಆ ಲಸಿಕೆಯನ್ನೇ ನಿಲ್ಲಿಸಿದರು. ಸ್ವಂತ ಇಲಾಖೆ ಹಂಚುವ ಲಸಿಕೆಯ ಕೊರತೆಯನ್ನು ಇಲಾಖೆಯವರೇ ಬರೆಯಲು ಧೈರ್ಯ ಬೇಕು. ನೀನು ಕೂತಿರುವ ಬೆಂಚಿಗೆ ಅಂಥ ಪರಂಪರೆ ಇದೆ ಎಂದು ತಿಳಿದಿರು.

ಇನ್ನೊಂದು ಹಳೆಯ ಅಧ್ಯಯನವನ್ನು ಹುಡುಕಿ ಓದು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತಲ್ಲ, ಅಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮಾಡಿ 1963ರಲ್ಲಿ ಪ್ರಕಟಿಸಿದ್ದು. ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ, ಕ್ಷಯ ಬಂದರೂ ಆಸ್ಪತ್ರೆಗೆ ಬರುವುದಿಲ್ಲ ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ಇವರು ಮನೆಮನೆಗೆ ಹೋಗಿ ಕೇಳಿದರು. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮಗೇನೋ ಆಗಿದೆ ಎಂಬ ಅರಿವಿತ್ತು, ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ. ಜನ ಬರುವುದಿಲ್ಲ ಎಂದು ದೂರುತ್ತಿದ್ದವರಿಗೆ ಇದು ಎಂಥ ಸುದ್ದಿ! ಬ್ಯಾನರ್ಜಿ, ಆಂಡರ್ಸನ್ ಅದನ್ನು ಮುಚ್ಚಿಡಲಿಲ್ಲ. ಕೆಮ್ಮೆಂದು ಬಂದವರ ಕಫವನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಪರೀಕ್ಷಿಸಬೇಕು ಎಂಬ ಜಿಲ್ಲಾ ಕ್ಷಯರೋಗ ಕಾರ್ಯಕ್ರಮಕ್ಕೆ ಆ ಅರಿವೇ ಬಲ ಕೊಟ್ಟಿತು. ಜನರನ್ನು ದೂರುವ ಮೊದಲು ನಮ್ಮ ಬಾಗಿಲು ನೋಡಿಕೊಳ್ಳುವುದನ್ನು ಕಲಿಸಿದ ಅಧ್ಯಯನ ಎಂದು ನಾನು ಅದನ್ನು ಗೌರವಿಸುತ್ತೇನೆ. ಅದು ನಮ್ಮ ತುಮಕೂರಿನಲ್ಲಿ ಆಯಿತೆಂಬ ಅಭಿಮಾನವೂ ಇದೆ.

ತಾಯಂದಿರ ಸಾವಿನ ವಿಷಯ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ನನ್ನ ಸೇವೆಯ ಬಹುಪಾಲು ಅದರಲ್ಲೇ ಕಳೆಯಿತು. ಕರ್ನಾಟಕದಲ್ಲಿ 2001-03ರ ಹೊತ್ತಿಗೆ ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು, 2018-20ಕ್ಕೆ ಅದು 69ಕ್ಕೆ ಇಳಿಯಿತು. ಈ ಇಳಿಕೆಯ ಹಿಂದೆ ಆಸ್ಪತ್ರೆ ಹೆರಿಗೆ, 108 ಆಂಬುಲೆನ್ಸ್, ರಕ್ತದ ವ್ಯವಸ್ಥೆ, ಆಶಾ ಕಾರ್ಯಕರ್ತೆಯರ ಓಡಾಟ ಎಲ್ಲ ಇವೆ. ಆದರೂ ಆ 2018-20ರಲ್ಲಿ ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಹೆಚ್ಚಿತ್ತು. ನೀನಿರುವ ತಮಿಳುನಾಡಿನದು 54, ಕೇರಳದ್ದು 19 ಇತ್ತು. ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೆಂದೇ ಬೇರೆ ವೃಂದವಿದೆ, 1939ರಷ್ಟು ಹಿಂದಿನ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯ್ದೆಯಿದೆ. ಅಲ್ಲಿರುವಾಗ ಅವರು ಹೇಗೆ ಕೆಲಸ ಮಾಡುತ್ತಾರೆ ಎಂದು ಕಣ್ಣಿಟ್ಟು ನೋಡು, ಕೇಳಿ ಬರೆದುಕೊ.

ಒಬ್ಬ ಬಾಣಂತಿ ತೀರಿಕೊಂಡರೆ ಮನೆಗೆ ಹೋಗಿ ವಿವರ ಕೇಳಿ ಬರೆಯುವ ಪದ್ಧತಿ 2010ರ ಮಾರ್ಗಸೂಚಿಯಿಂದ ದೇಶದಲ್ಲೆಲ್ಲ ಬಂತು. ಆ ಫಾರಂ ಹಿಡಿದು ಹೋಗುವುದು ಸುಲಭವಲ್ಲ. ಹನ್ನೊಂದು ದಿನವೂ ಕಳೆದಿರದ ಮನೆ, ಒಳಗೆಲ್ಲೋ ಕೂಸು ಅಳುತ್ತಿರುತ್ತದೆ. ಅತ್ತೆ ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಕೊಡುತ್ತಾಳೆ, ಅದರಲ್ಲಿ ಹಿಮೋಗ್ಲೋಬಿನ್ ಇಳಿಯುತ್ತ ಬಂದದ್ದು ತಿಂಗಳು ತಿಂಗಳಿಗೂ ದಾಖಲಾಗಿರುತ್ತದೆ. ಆಸ್ಪತ್ರೆಗೆ ಹೋಗೋಣವೆಂದು ತೀರ್ಮಾನಿಸಲು ತಡವಾಯಿತೇ, ತೀರ್ಮಾನಿಸಿದ ಮೇಲೆ ತಲುಪಲು ತಡವಾಯಿತೇ, ತಲುಪಿದ ಮೇಲೆ ಚಿಕಿತ್ಸೆ ಸಿಗಲು ತಡವಾಯಿತೇ ಎಂದು ಮೂರು ತಡಗಳನ್ನು ಬಿಡಿಸಿ ಕೇಳಬೇಕು. ಯಾರ ಮೇಲೂ ತಪ್ಪು ಹೊರಿಸಲು ಇದಲ್ಲ ಎಂದು ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಆ ಮಾತನ್ನು ಪಾಲಿಸಿದ ಕಡೆ ಮೂರನೆಯ ತಡದ ಬಗ್ಗೆ, ಅಂದರೆ ನಮ್ಮದೇ ಆಸ್ಪತ್ರೆಯೊಳಗಿನ ತಡದ ಬಗ್ಗೆ, ನರ್ಸುಗಳು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದೇನೆ. ಪಾಲಿಸದ ಕಡೆ ಎಲ್ಲ ಫಾರಂಗಳಲ್ಲೂ ಕಾರಣ ಒಂದೇ, 'ಮನೆಯವರು ತಡವಾಗಿ ಕರೆತಂದರು'.

ನೀನು ಒಂದು ದಿನ ತಾಲ್ಲೂಕು ಆರೋಗ್ಯಾಧಿಕಾರಿಯಾಗುತ್ತೀಯ, ಜಿಲ್ಲೆಗೂ ಹೋಗಬಹುದು. ಎಎನ್‌ಎಂಗಳು ಕಾಯಿಲೆಗಳ ವರದಿಯನ್ನು ಈಗ ಮೊಬೈಲಿನಲ್ಲೇ ಕಳಿಸುತ್ತಾರೆ, ನಿನ್ನ ಪರದೆಯ ಮೇಲೆ ಅದು ಬಂದು ಕೂರುತ್ತದೆ. ಒಂದು ಉಪಕೇಂದ್ರದಿಂದ ವಾರಗಟ್ಟಲೆ ಸೊನ್ನೆಯೇ ಬರುತ್ತಿದ್ದರೆ ಸಂತೋಷಪಡಬೇಡ, ಗಾಡಿ ಹತ್ತಿ ಆ ಊರಿಗೆ ಹೋಗು. ಸಿಸ್ಟರು ರಜೆಯಲ್ಲಿರಬಹುದು, ಹುದ್ದೆಯೇ ಖಾಲಿ ಇರಬಹುದು, ಬರೆಯಲು ಹೆದರಿರಬಹುದು. ಕಾಯಿಲೆ ಇಲ್ಲದೆಯೂ ಇರಬಹುದು, ಆದರೆ ಅದನ್ನು ಕಣ್ಣಾರೆ ನೋಡಿಯೇ ನಂಬು. ಹೋದಾಗ ಆಶಾಗಳನ್ನು ಹೆಸರು ಹಿಡಿದು ಕರೆ. ಅವರ ಪ್ರೋತ್ಸಾಹಧನ ತಿಂಗಳುಗಟ್ಟಲೆ ಬಾಕಿ ಇದ್ದರೆ ಮೊದಲು ಅದನ್ನು ಕೊಡಿಸಲು ಓಡಾಡು. ಮಾತು ಕೇಳುತ್ತೇವೆ ಎಂದು ಹೇಳಿ ಸಲ್ಲಬೇಕಾದ ಹಣ ಕೊಡದಿದ್ದರೆ ಆ ಮಾತಿಗೆ ಬೆಲೆಯಿಲ್ಲ. ಅವರು ಕೊಟ್ಟ ಅಂಕಿಗಳಿಂದ ನೀನು ಏನು ಕಂಡುಕೊಂಡೆ ಎಂಬುದನ್ನು ಅವರಿಗೇ ಹಿಂದಿರುಗಿ ಹೇಳು. ನನ್ನ ಇಡೀ ಸೇವೆಯಲ್ಲಿ ನಾವು ಕಳಿಸಿದ ಲೆಕ್ಕ ಮೇಲೆ ಹೋಗಿ ಏನಾಯಿತು ಎಂದು ತಿರುಗಿ ಬಂದು ಹೇಳಿದವರು ತೀರ ಕಡಿಮೆ, ಹೇಳಿದವರನ್ನು ಇವತ್ತಿಗೂ ಮರೆತಿಲ್ಲ.

ಆರೋಗ್ಯ ನೋಡಿಕೊ. ಹೋದ ಊರಿನಲ್ಲಿ ಕುದಿಸಿದ ನೀರನ್ನೇ ಕುಡಿ, ನಾಚಿಕೊಳ್ಳದೆ ಕೇಳಿ ಕುಡಿ. ನಿಮ್ಮಮ್ಮ ಕೊಟ್ಟುಕಳಿಸಿದ ಚಟ್ನಿಪುಡಿ ಮುಗಿದಿದ್ದರೆ ತಿಳಿಸು. ಕೆಳಗಿನ ಕೇರಿಯ ನಕ್ಷೆಯ ಒಂದು ಪ್ರತಿ ನನಗೆ ಬೇಕು, ಇಲ್ಲಿನ ಸಬ್‌ಸೆಂಟರಿಗೆ ಹೊಸದಾಗಿ ಬಂದಿರುವ ಹುಡುಗಿಗೆ ತೋರಿಸುತ್ತೇನೆ. ಮತ್ತೆ, ಆ ಮೋರಿಯ ಕೆಳಗಿನ ಪೈಪು ಬದಲಾಯಿತೇ ಇಲ್ಲವೇ, ಮುಂದಿನ ಕಾಗದದಲ್ಲಿ ಅದನ್ನೇ ಮೊದಲು ಬರೆ. ಇನ್ನೂ ಆಗಿಲ್ಲ ಎಂದಾದರೂ ಸರಿ, ಹಾಗೆಂದೇ ಬರೆ.

ನಿನ್ನ ಪ್ರೀತಿಯ,
ದೊಡ್ಡಮ್ಮ